ಬಿಸಿಲಿನ ಜಾಡು ಹಿಡಿದು: ಮಲೆನಾಡಿನ ಚಳಿಗಾಲವನ್ನು ಸಂಗಾತಿ ಮತ್ತು ನಾಯಿಯೊಂದಿಗೆ ಸವಿಯುವ ಬಗೆ

ಡಿಸೆಂಬರ್ ತಿಂಗಳಲ್ಲಿ ನಮ್ಮ ಮನೆಯ ಯಾವ ಮೂಲೆಗೆ ಬಿಸಿಲು ಬಂದಿದೆಯೆಂದು ತಿಳಿಯಬೇಕಾದರೆ ಕೆಂಚ ಎಲ್ಲಿ ಮಲಗಿದ್ದಾನೆಂದು ನೋಡಿದರೆ ಸಾಕು. ಬೆಳಿಗ್ಗೆ ಎಂಟಕ್ಕೆ ಜಗಲಿಯ ಮೆಟ್ಟಿಲ ಮೇಲೆ, ಹತ್ತಕ್ಕೆ ಅಂಗಳದ ತುಳಸಿಕಟ್ಟೆಯ ಪಕ್ಕದಲ್ಲಿ, ಮಧ್ಯಾಹ್ನ ಅಡಿಕೆ ಚಪ್ಪರದ ನೆರಳಿನಂಚಿನಲ್ಲಿ, ನಾಲ್ಕು ಗಂಟೆಯ ಮೇಲೆ ಬಚ್ಚಲುಮನೆಯ ಪಡುವಣ ಗೋಡೆಗೆ ಬೆನ್ನು ಕೊಟ್ಟು ಮಲಗುವ ಆ ಊರುನಾಯಿ ಒಂಬತ್ತು ವರ್ಷಗಳಿಂದ ನಮಗಿಬ್ಬರಿಗೂ ಒಂದೇ ಪಾಠವನ್ನು ಹೇಳಿಕೊಡುತ್ತ ಬಂದಿದ್ದಾನೆ. ಬಿಸಿಲು ಸರಿದಂತೆ ನಮ್ಮ ಕೆಲಸ, ಊಟ, ತಿರುಗಾಟಗಳೂ ಸರಿದರೆ ಮಲೆನಾಡಿನ ಚಳಿಯಷ್ಟು ಸುಖದ ಕಾಲ ಇನ್ನೊಂದಿಲ್ಲ.

ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿಯ ಕಡೆ ಚಳಿ ದಿನವಿಡೀ ಇರುವುದಿಲ್ಲ. ಬೆಳಗಿನ ಜಾವ ಸುಮಾರು 13–14 ಡಿಗ್ರಿಗೆ ಇಳಿಯುವ ಉಷ್ಣಾಂಶ ಮಧ್ಯಾಹ್ನದ ಹೊತ್ತಿಗೆ 30 ಡಿಗ್ರಿಯ ಹತ್ತಿರಕ್ಕೆ ಏರುತ್ತದೆ. ಆದ್ದರಿಂದ ಇಲ್ಲಿ ಬೇಕಾಗುವುದು ದಪ್ಪ ಬಟ್ಟೆಗಳಿಗಿಂತ ಹೊತ್ತಿನ ಲೆಕ್ಕ. ಒಂದು ಶಾಲು ಮತ್ತು ತೆಳುವಾದ ಒಂದು ಸ್ವೆಟರ್ ಇದ್ದರೆ ನಮಗೆ ಸಾಕು. ಗಟ್ಟಿ ಚರ್ಮದ ಊರುನಾಯಿಗೆ ಅಂಗಿ ತೊಡಿಸಬೇಕಾಗಿಲ್ಲ. ಆದರೆ ಮರಿಗಳು, ಮುದಿನಾಯಿಗಳು ಮತ್ತು ಮುಧೋಳದ ನಾಯಿಯಂತೆ ತೆಳುರೋಮದ, ಮೈಯಲ್ಲಿ ಕೊಬ್ಬಿಲ್ಲದ ತಳಿಗಳು ನಿಜವಾಗಿ ನಡುಗುತ್ತವೆ. ಅಂಥವುಗಳಿಗೆ ರಾತ್ರಿ ಹಳೆಯ ಸ್ವೆಟರಿನ ತೋಳು ಕತ್ತರಿಸಿ ಹಾಕಿ, ಬಿಸಿಲೇರಿದ ಕೂಡಲೇ ತೆಗೆಯಬೇಕು.

ಹೊರಡುವ ಹೊತ್ತು

ಬೆಳಗಿನ ನಡಿಗೆಯನ್ನು ತಡ ಮಾಡಿ ಎಂಬುದು ನನ್ನ ಮೊದಲ ಸಲಹೆ. ಸಂಕ್ರಾಂತಿ ಕಳೆದರೆ ಬೇಗ ಬೆಳಗಾಗುತ್ತದೆಂದು ಹಲವರು ತಿಳಿದಿದ್ದಾರೆ. ಹಗಲು ಉದ್ದವಾಗುವುದು ನಿಜ, ಆದರೆ ಆ ಹೆಚ್ಚಳ ಮೊದಲು ಸಿಗುವುದು ಸಂಜೆಯ ಕಡೆಗೆ. ನಮ್ಮ ಅಕ್ಷಾಂಶದಲ್ಲಿ ಸೂರ್ಯೋದಯ ಜನವರಿಯ ಕೊನೆಯ ವಾರದವರೆಗೂ ನಿಮಿಷ ನಿಮಿಷವಾಗಿ ತಡವಾಗುತ್ತಲೇ ಹೋಗಿ ಏಳು ಗಂಟೆಯ ಆಸುಪಾಸಿಗೆ ಬಂದು ನಿಲ್ಲುತ್ತದೆ. ಬೇಸಿಗೆಯ ಅಭ್ಯಾಸದಂತೆ ಆರಕ್ಕೇ ಹೊರಟರೆ ಕತ್ತಲೆ, ಇಬ್ಬನಿ ಮತ್ತು ಒದ್ದೆ ಹುಲ್ಲು ಮಾತ್ರ ಸಿಗುತ್ತವೆ. ಅಷ್ಟು ಹೊತ್ತಿಗೆ ಚಿರತೆ ಇನ್ನೂ ತನ್ನ ಸುತ್ತಾಟ ಮುಗಿಸಿರುವುದಿಲ್ಲ, ಚಿರತೆಗೆ ನಾಯಿಯೆಂದರೆ ಸುಲಭದ ಬೇಟೆ. ಇದೇ ಕಾರಣಕ್ಕೆ ರಾತ್ರಿ ನಾಯಿಯನ್ನು ಅಂಗಳದಲ್ಲಿ ಸರಪಳಿ ಹಾಕಿ ಬಿಡಬಾರದು. ಕಟ್ಟಿದ ನಾಯಿಗೆ ಓಡುವುದಕ್ಕೂ ಆಗುವುದಿಲ್ಲ. ಜಗಲಿಗೆ ಬಾಗಿಲಿದ್ದರೆ ಅದರೊಳಗೆ, ಇಲ್ಲದಿದ್ದರೆ ನಡುಮನೆಯಲ್ಲಿ ಅದಕ್ಕೊಂದು ಜಾಗ ಕೊಡಬೇಕು.

ಎಂಟರ ಹೊತ್ತಿಗೆ ಹೊರಟರೆ ಸುಗ್ಗಿ ಮುಗಿದ ಗದ್ದೆಬಯಲು ಬಿಸಿಲಿನಿಂದ ತುಂಬಿರುತ್ತದೆ. ನಾಯಿಯನ್ನು ಓಡಾಡಿಸಲು ಮಲೆನಾಡಿನಲ್ಲಿ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಮಳೆಗಾಲದಲ್ಲಿ ಕೆಸರು, ಆಮೇಲೆ ಪೈರು ಇದ್ದ ನೆಲ ಈಗ ಮೂರು ತಿಂಗಳ ಮಟ್ಟಿಗೆ ತೆರೆದ ಮೈದಾನವಾಗಿರುತ್ತದೆ. ಇಬ್ಬರು ಹಾಳಿಯ, ಅಂದರೆ ಗದ್ದೆಬದುವಿನ, ಮೇಲೆ ಮಾತನಾಡುತ್ತ ನಡೆಯಬಹುದು, ನಾಯಿ ಕೊಕ್ಕರೆಗಳನ್ನು ಎಬ್ಬಿಸುತ್ತ ಮುಂದೆ ಓಡಬಹುದು. ಕೂಳೆ ಚೂಪಾಗಿರುವುದರಿಂದ ಮನೆಗೆ ಬಂದ ಮೇಲೆ ಅದರ ಪಾದಗಳನ್ನು ಬೆರಳಿನ ಸಂದಿಯವರೆಗೂ ಒಮ್ಮೆ ನೋಡಬೇಕು. ಹುಲ್ಲು ಬಣವೆಯ ಬುಡ ಮತ್ತು ಬಿಸಿಲು ಬಿದ್ದ ಕಲ್ಲುಕಟ್ಟೆಗಳ ಬಳಿ ಮಾತ್ರ ನಾಯಿಯನ್ನು ಕರೆದು ಪಕ್ಕದಲ್ಲಿಟ್ಟುಕೊಳ್ಳಿ, ಏಕೆಂದರೆ ಮೈ ಕಾಯಿಸಿಕೊಳ್ಳಲು ಹಾವುಗಳೂ ಇದೇ ಜಾಗಗಳನ್ನು ಹುಡುಕಿಕೊಂಡು ಬರುತ್ತವೆ. ಕೊಳಕುಮಂಡಲ ಒಣಹುಲ್ಲಿನ ಬಣ್ಣದಲ್ಲಿ ಬೆರೆತುಹೋಗುತ್ತದೆ. ಕಾಡಂಚಿನ ಬೆಳೆಗಳ ಸುತ್ತ ಹಂದಿಗೆಂದು ಉರುಳು, ವಿದ್ಯುತ್ ತಂತಿ, ಸಿಡಿಮದ್ದು ಇಟ್ಟಿರುವ ಕಡೆ ನಾಯಿಗಳು ಸತ್ತಿವೆ. ಗೊತ್ತಿಲ್ಲದ ಜಮೀನಿನ ಹತ್ತಿರ ಹಗ್ಗ ಬಿಚ್ಚಲೇಬಾರದು.

ದೂರ ಹೋಗುವ ಆಸೆಯಿದ್ದರೆ ಇಕ್ಕೇರಿಯ ಅಘೋರೇಶ್ವರ ದೇವಸ್ಥಾನ, ಕೆಳದಿ, ವರದಾಮೂಲ ಎಲ್ಲವೂ ಸಾಗರಕ್ಕೆ ಹತ್ತಿರದಲ್ಲೇ ಇವೆ. ಒಬ್ಬರು ಒಳಗೆ ಹೋಗಿ ದರ್ಶನ ಮಾಡಿ ಬರುವವರೆಗೆ ಇನ್ನೊಬ್ಬರು ಹೊರಗಿನ ಮರದ ಕೆಳಗೆ ನಾಯಿಯೊಂದಿಗೆ ಕೂರುವುದು ನಮ್ಮ ಪದ್ಧತಿ. ಶರಾವತಿ ಸಿಂಗಳೀಕ ಅಭಯಾರಣ್ಯದಂತಹ ಕಾಡಿನೊಳಗೆ ಮಾತ್ರ ನಾಯಿಯನ್ನು ಒಯ್ಯಬಾರದು, ನಾಯಿಯಿಂದ ಕಾಡುಪ್ರಾಣಿಗಳಿಗೆ ರೋಗ ಹರಡುತ್ತದೆ. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಗೂ ರಾತ್ರಿಯ ಯಕ್ಷಗಾನಕ್ಕೂ ಹೋಗುವಾಗ ಕೆಂಚನನ್ನು ಪಕ್ಕದ ಮನೆಯ ಅತ್ತಿಗೆಯ ಸುಪರ್ದಿಗೆ ಬಿಡುತ್ತೇವೆ. ಚಂಡೆಯ ಸದ್ದು ನಮಗೆ ಎಷ್ಟು ಪ್ರಿಯವೋ ಅವನ ಕಿವಿಗೆ ಅಷ್ಟೇ ಹಿಂಸೆ.

ಉಣುಗು ನೋಡುವುದು

ಈ ಭಾಗವನ್ನು ದಯವಿಟ್ಟು ದಾಟಿಸಿ ಓದಬೇಡಿ. ಮಲೆನಾಡಿನಲ್ಲಿ ಚಳಿ ಶುರುವಾಗುವ ಹೊತ್ತಿಗೇ ಮಂಗನ ಕಾಯಿಲೆಯ ಕಾಲವೂ ಶುರುವಾಗುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ಜ್ವರವನ್ನು ಹರಡುವುದು ಉಣುಗು, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆ. ಅದರ ಸಾಸಿವೆಗಿಂತ ಸಣ್ಣದಾದ ಮರಿಗಳು ಡಿಸೆಂಬರಿನಿಂದ ಮೇ ತಿಂಗಳವರೆಗೆ ಕಾಡಿನ ತರಗೆಲೆಗಳ ಮೇಲೆ ತುಂಬಿರುತ್ತವೆ. 2018ರ ಕೊನೆಯಿಂದ ನಮ್ಮದೇ ಸಾಗರ ತಾಲ್ಲೂಕಿನ ಅರಲಗೋಡು ಸುತ್ತಮುತ್ತ ಈ ಕಾಯಿಲೆಗೆ ಜನರು ಬಲಿಯಾದದ್ದನ್ನು ಕಂಡವರಿಗೆ ಇದು ಹೆದರಿಸುವ ಮಾತಲ್ಲವೆಂದು ಗೊತ್ತು. ನಾಯಿ ಕಾಡಿಗೆ ಹೋಗಿ ಬಂದರೆ ಅದರ ಮೈಯೇರಿ ಉಣುಗು ನಮ್ಮ ಕಂಬಳಿಯವರೆಗೂ ಬರುತ್ತದೆ.

ಆದ್ದರಿಂದ ತರಗೆಲೆ ಹಾಸಿದ ಕಾಡುದಾರಿಯನ್ನು ಚಳಿಗಾಲದಲ್ಲಿ ಬಿಟ್ಟುಬಿಡುವುದೇ ಮೇಲು. ಹೋಗಲೇಬೇಕಾದಾಗ ಉದ್ದ ತೋಳಿನ ಅಂಗಿ, ಕಾಲುಚೀಲದೊಳಗೆ ತೂರಿಸಿದ ಪ್ಯಾಂಟು, ಉಣುಗು ಕಚ್ಚದಂತೆ ಮೈಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆಯವರು ಹಂಚುವ ಡೇಪಾ ಎಣ್ಣೆ ಇವಿಷ್ಟು ಇರಲೇಬೇಕು. ಆ ಎಣ್ಣೆ ಮನುಷ್ಯರಿಗೆಂದು ಕೊಟ್ಟದ್ದು, ನಾಯಿಗೆ ಹಚ್ಚಬಾರದು. ದನಕ್ಕೆಂದು ತಂದ ಉಣುಗಿನ ಔಷಧಿಯನ್ನೂ ಅಂದಾಜಿನ ಮೇಲೆ ನಾಯಿಗೆ ಸವರಬಾರದು. ಅದರ ತೂಕ ತಿಳಿಸಿ ಪಶುವೈದ್ಯರಿಂದ ಬೇರೆ ಔಷಧಿ ತರಬೇಕು.

ನಡಿಗೆಯಿಂದ ಬಂದ ಕೂಡಲೇ ನಾವು ಮೂವರೂ ಜಗಲಿಯ ಬಿಸಿಲಿಗೆ ಕೂರುತ್ತೇವೆ. ಮೊದಲು ಕೆಂಚನ ಸರದಿ. ಕಿವಿಯ ಒಳಮಡಿಕೆ, ಕೊರಳಪಟ್ಟಿಯ ಅಡಿ, ಕಂಕುಳು, ಕಾಲ್ಬೆರಳ ಸಂದಿ, ಬಾಲದ ಬುಡ ಇವು ಉಣುಗು ಅಡಗುವ ಜಾಗಗಳು. ಕಣ್ಣಿಗಿಂತ ಬೆರಳ ತುದಿಗೆ ಬೇಗ ಸಿಗುತ್ತದೆ, ರೋಮಕ್ಕೆ ಎದುರಾಗಿ ಮೆಲ್ಲಗೆ ಕೈಯಾಡಿಸಿದರೆ ಸಣ್ಣ ಗುಳ್ಳೆಯಂತೆ ತಾಗುತ್ತದೆ. ಚೂಪು ಮೂತಿಯ ಚಿಮುಟದಿಂದ ಅದನ್ನು ಚರ್ಮಕ್ಕೆ ಆದಷ್ಟು ಹತ್ತಿರದಲ್ಲಿ ಹಿಡಿದು, ತಿರುಚದೆ ನೇರವಾಗಿ ಎಳೆದು, ಸಾಬೂನಿನ ನೀರಿರುವ ಬಾಟಲಿಗೆ ಹಾಕಬೇಕು. ಬರಿಗೈಯಲ್ಲಿ ಹಿಸುಕುವುದು, ಬೆಂಕಿ ತಾಗಿಸುವುದು ಎರಡೂ ತಪ್ಪು. ಆಮೇಲೆ ಇವರು ನನ್ನ ಕುತ್ತಿಗೆ, ಕಿವಿಯ ಹಿಂದೆ, ಜಡೆಯ ಬುಡ ನೋಡುತ್ತಾರೆ, ನಾನು ಇವರ ಬೆನ್ನು ಮತ್ತು ಮೊಣಕಾಲಿನ ಹಿಂಬದಿ ನೋಡುತ್ತೇನೆ. ಮದುವೆಯಾಗಿ ಇಪ್ಪತ್ತೆರಡು ವರ್ಷ ಕಳೆದ ನಮಗೆ ಪ್ರತಿದಿನ ಹೀಗೆ ಹತ್ತು ನಿಮಿಷ ಒಬ್ಬರ ಮೈಯನ್ನು ಇನ್ನೊಬ್ಬರು ಅಷ್ಟು ನಿಗಾ ಕೊಟ್ಟು ನೋಡುವ ಸಂದರ್ಭ ಬೇರೆ ಎಲ್ಲಿ ಬರುತ್ತದೆ? ನನಗಂತೂ ಇಡೀ ದಿನದಲ್ಲಿ ಬಹಳ ಇಷ್ಟವಾದ ಹೊತ್ತು ಇದೇ.

ಹತ್ತಿರದಲ್ಲಿ ಮಂಗ ಸತ್ತು ಬಿದ್ದಿದ್ದರೆ ಅದನ್ನು ಮುಟ್ಟದೆ, ನಾಯಿಯನ್ನೂ ಬಿಡದೆ, ಆಶಾ ಕಾರ್ಯಕರ್ತೆಗೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಕಾಡಿಗೆ ಹೋಗಿ ಬಂದ ವಾರದೊಳಗೆ ಒಮ್ಮೆಲೇ ಜ್ವರವೇರಿ ತಲೆ ಮತ್ತು ಮೈಕೈ ವಿಪರೀತ ನೋಯತೊಡಗಿದರೆ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಹೋಗಿ, ಉಣುಗಿನ ವಿಷಯವನ್ನು ವೈದ್ಯರಿಗೆ ನೀವಾಗಿಯೇ ಹೇಳಬೇಕು.

ಒಲೆಯ ಮುಂದೆ

ನವೆಂಬರ್ ಕೊನೆಯಲ್ಲಿ ಆರು ಗಂಟೆಗೆಲ್ಲ ಕತ್ತಲಾಗತೊಡಗುತ್ತದೆ. ಆಗ ಮನೆಯ ಬೆಚ್ಚನೆಯ ಜಾಗವೆಂದರೆ ಬಚ್ಚಲುಮನೆ. ಹಂಡೆಯ ಒಲೆಗೆ ಅಡಿಕೆ ಸೋಗೆ, ಕಾಯಿಸಿಪ್ಪೆ ಹಾಕಿ ಉರಿ ಹತ್ತಿಸಿ ಎರಡು ಮಣೆ ಹಾಕಿಕೊಂಡು ಕುಳಿತರೆ ಸ್ನಾನದ ನೀರೂ ಕಾಯುತ್ತದೆ, ಮಾತೂ ಸಾಗುತ್ತದೆ. ಉರಿ ಇಳಿದ ಮೇಲೆ ಕೆಂಡದಲ್ಲಿ ಗೆಣಸು ಹುಗಿದಿಟ್ಟು ಅರ್ಧ ಗಂಟೆ ಬಿಡಿ. ಹೊರಗೆ ಕರಿಕಾದ ಸಿಪ್ಪೆ ಬಿಡಿಸಿದಾಗ ಒಳಗಿನಿಂದ ಹಬೆಯೊಡನೆ ಬರುವ ಆ ಸಿಹಿ ವಾಸನೆಗೆ ಕೆಂಚ ಎರಡು ಮುಂಗಾಲು ಚಾಚಿ, ಮೂಗು ಅರಳಿಸಿ, ನಮ್ಮ ಮುಖವನ್ನೇ ನೋಡುತ್ತಾನೆ. ಆರಿದ ಒಂದು ತುಂಡನ್ನು ಉಪ್ಪು, ತುಪ್ಪ ಇಲ್ಲದೆ ಅವನಿಗೂ ಕೊಡಬಹುದು.

ನಾಯಿಗಳು ಬೆಳಗಿನ ಜಾವ ಒಲೆಯ ಬೂದಿಯೊಳಗೇ ಸುರುಳಿಯಾಗಿ ಮಲಗುವುದನ್ನು ಹಳ್ಳಿಮನೆಯ ಎಲ್ಲರೂ ಕಂಡಿರುತ್ತಾರೆ. ಬೂದಿಯಡಿಯಲ್ಲಿ ಕೆಂಡ ಉಳಿದಿದ್ದರೆ ಹೊಟ್ಟೆ ಸುಡುತ್ತದೆ. ಮಲಗುವ ಮುನ್ನ ಒಲೆಯ ಬಾಯಿಗೆ ತಗಡು ಮುಚ್ಚಿ, ಪಕ್ಕದಲ್ಲಿ ಅದಕ್ಕೆ ಬೇರೆ ಹಾಸಿಗೆ ಮಾಡಿಕೊಡಿ. ಸಿಮೆಂಟು ನೆಲದ ಥಂಡಿ ಮುದಿನಾಯಿಯ ಕೀಲುಗಳಿಗೆ ಆಗದು. ಒಂದು ಹಲಗೆ, ಅದರ ಮೇಲೆ ಎರಡು ಗೋಣಿಚೀಲ, ಮೇಲೊಂದು ಹಳೆಯ ಕಂಬಳಿಯ ತುಂಡು ಹಾಕಿ ವಾರಕ್ಕೊಮ್ಮೆ ಎಲ್ಲವನ್ನೂ ಬಿಸಿಲಿಗೆ ಕೊಡವಿ ಒಣಗಿಸಿದರೆ ಸಾಕಾಗುತ್ತದೆ.

ಕೋಣೆ ಬೆಚ್ಚಗಾಗಲೆಂದು ಅಗ್ಗಿಷ್ಟಿಕೆಯನ್ನು ಒಳಗಿಟ್ಟು ಕಿಟಕಿ ಬಾಗಿಲು ಮುಚ್ಚಿ ಮಲಗುವುದು ಜೀವಕ್ಕೇ ಅಪಾಯ. ಕೆಂಡದಿಂದ ಹೊರಡುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲ, ನಿದ್ದೆಯಲ್ಲಿರುವವರಿಗೆ ಅದು ತಿಳಿಯುವುದೇ ಇಲ್ಲ. ಗಾಳಿಯಾಡದ ಸ್ನಾನದ ಕೋಣೆಯ ಗ್ಯಾಸ್ ಗೀಸರಿನ ಅಪಾಯವೂ ಇದೇ. ಅಗ್ಗಿಷ್ಟಿಕೆ ಏನಿದ್ದರೂ ಜಗಲಿಯಲ್ಲಿ, ಎಚ್ಚರವಿದ್ದಷ್ಟು ಹೊತ್ತು ಮಾತ್ರ.

ಕುಡಿಯಲು ನಮಗೆ ಕಷಾಯ. ಕೊತ್ತಂಬರಿ, ಜೀರಿಗೆ, ಸ್ವಲ್ಪ ಮೆಂತ್ಯ, ಕಾಳುಮೆಣಸು ಹುರಿದು ಪುಡಿ ಮಾಡಿಟ್ಟುಕೊಂಡು ಬೆಲ್ಲದ ನೀರಿನಲ್ಲಿ ಕುದಿಸಿ ಹಾಲು ಬೆರೆಸಿದರೆ ಆಯಿತು. ನಾಯಿಗೆ ಉಗುರುಬೆಚ್ಚನೆಯ ನೀರಿಟ್ಟರೆ ಚಳಿಯಲ್ಲೂ ಸಾಕಷ್ಟು ಕುಡಿಯುತ್ತದೆ. ಅದರ ಸ್ನಾನವನ್ನು ಈ ತಿಂಗಳುಗಳಲ್ಲಿ ಕಡಿಮೆ ಮಾಡಿ, ಮಾಡಿಸಿದರೂ ನಡುಮಧ್ಯಾಹ್ನ ಹಂಡೆಯ ನೀರಿನಲ್ಲಿ ಮಾಡಿಸಿ, ರೋಮದ ಬುಡದವರೆಗೂ ಒರೆಸಬೇಕು.

ಅಡಿಕೆ ಮತ್ತು ಆಲೆಮನೆ

ಅಡಿಕೆಯ ಕೊನೆಕೊಯ್ಲಿನ ಕಾಲವೂ ಇದೇ ಆಗಿರುವುದರಿಂದ ನಾಯಿ ಸಾಕಿದವರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಆರು ವರ್ಷದ ಹಿಂದೆ ರಾತ್ರಿ ಅಡಿಕೆ ಸುಲಿಯುತ್ತ ಕುಳಿತಿದ್ದಾಗ ಕೆಂಚ ಮೆಟ್ಟುಗತ್ತಿಯ ಪಕ್ಕದ ರಾಶಿಯಿಂದ ಹಸಿ ಅಡಿಕೆ ಕಚ್ಚಿಕೊಂಡು ಹೋಗಿ ಜಗಿದದ್ದು ನಮಗೆ ಗೊತ್ತಾಗಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಬಾಯಿಯಿಂದ ಜೊಲ್ಲು ಸುರಿದು, ವಾಂತಿ, ಭೇದಿ, ಕಾಲುಗಳಲ್ಲಿ ನಡುಕ. ಆ ರಾತ್ರಿಯೇ ಪಶುವೈದ್ಯರನ್ನು ಕರೆತಂದದ್ದರಿಂದ ಉಳಿದ. ಅಡಿಕೆಯ ಅರೆಕೋಲಿನ್ ಎಂಬ ಅಂಶವನ್ನು ಹಿಂದೆ ನಾಯಿಗಳ ಲಾಡಿಹುಳು ಬೀಳಿಸಲು ಬಳಸುತ್ತಿದ್ದರೆಂದೂ ಪ್ರಮಾಣ ಮೀರಿದರೆ ಅದೇ ವಿಷವೆಂದೂ ಅವರಿಂದ ತಿಳಿಯಿತು. ಅಂದಿನಿಂದ ಸುಲಿಯುವ ಜಾಗಕ್ಕೂ ಅಡಿಕೆ ಬೇಯಿಸಿ ಉಳಿದ ಚೊಗರಿನ ಪಾತ್ರೆಗೂ ಅವನನ್ನು ಬಿಡುವುದಿಲ್ಲ. ಪಾಯಸದ ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್ ಸಹ ನಾಯಿಗೆ ಕೊಡಬಾರದ ಪದಾರ್ಥಗಳೇ.

ಆಲೆಮನೆಗೆ ಕರೆ ಬಂದರೆ ತಪ್ಪಿಸಬೇಡಿ. ಹಸಿಶುಂಠಿ, ನಿಂಬೆ ಹಿಂಡಿದ ಕಬ್ಬಿನ ಹಾಲು, ಕೊಪ್ಪರಿಗೆಯಿಂದ ಎತ್ತಿದ ನೊರೆಬೆಲ್ಲ, ಸುತ್ತ ಕುಳಿತ ಊರಿನವರ ಮಾತು ಇವೆಲ್ಲ ಒಟ್ಟಿಗೆ ಸಿಗುವುದು ವರ್ಷಕ್ಕೊಮ್ಮೆ. ನಾಯಿ ಹಿಂದೆಯೇ ಬಂದರೆ ಕೊಪ್ಪರಿಗೆಯಿಂದ ದೂರದ ಮರಕ್ಕೆ ಕಟ್ಟಿ, ಒಬ್ಬರ ಕಣ್ಣು ಅದರ ಮೇಲಿರಲಿ. ಬರುವಾಗ ಒಂದಿಷ್ಟು ಕಬ್ಬಿನ ಹಾಲು ತಂದರೆ ಮರುದಿನ ಮಡಕೆಯ ಮೇಲೆ ತೊಡದೇವು ಎಂಬ ತೆಳುವಾದ ಸಿಹಿತಿಂಡಿ ಎರೆಯಬಹುದು. ಒಬ್ಬರು ಹಿಟ್ಟು ಬಳಿಯಲು, ಇನ್ನೊಬ್ಬರು ಕಾಗದದಂತಹ ಹಾಳೆಯನ್ನು ಹರಿಯದೆ ಮಡಚಲು ಇದ್ದರೇನೇ ಆ ಕೆಲಸ ಚೆಂದ.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುತ್ತದೆಂಬ ಮಾತಿನಂತೆ ಆ ಹೊತ್ತಿಗೆ ಕೆಂಚ ಜಗಲಿಯ ಮೆಟ್ಟಿಲು ಬಿಟ್ಟು ಬಾವಿಕಟ್ಟೆಯ ನೆರಳಿಗೆ ಹೋಗಿರುತ್ತಾನೆ. ಅವನು ಜಾಗ ಬದಲಿಸಿದ ವಾರವೇ ಕಂಬಳಿಗಳನ್ನು ಎರಡು ದಿನ ಚೆನ್ನಾಗಿ ಒಣಗಿಸಿ, ಬೇವಿನ ಸೊಪ್ಪು ಹಾಕಿ ಮೆತ್ತಿನ (ಅಟ್ಟದ) ಪೆಟ್ಟಿಗೆಗೆ ಸೇರಿಸುತ್ತೇವೆ. ಚಿಮುಟ ಮತ್ತು ಸಾಬೂನು ನೀರಿನ ಬಾಟಲಿ ಮಾತ್ರ ಜೋರು ಮಳೆ ಹಿಡಿಯುವವರೆಗೂ ಜಗಲಿಯ ಗೂಡಿನಲ್ಲೇ ಇರುತ್ತವೆ.