ಕಾಡಿಗೆ ಹೋಗಿಲ್ಲ, ದರಗು ತರಲು ಹೋಗಿದ್ದೆ

ಕೊಪ್ಪ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನದ ಟೀಚರ್. ಡಿಸೆಂಬರ್ ಬಂತೆಂದರೆ ನಮ್ಮ ಕಡೆ ಅಡಿಕೆ ಕೊಯ್ಲು, ಕಾಫಿ ಕೊಯ್ಲಿನ ಜೊತೆಗೇ ಮಂಗನ ಕಾಯಿಲೆಯ ಮಾತೂ ಶುರುವಾಗುತ್ತದೆ. ಒಂದು ವರ್ಷ ಪಕ್ಕದ ಊರಿನಲ್ಲಿ ಒಬ್ಬರಿಗೆ ಕಾಯಿಲೆ ಖಚಿತವಾಯಿತು. ಒಂಬತ್ತನೇ ತರಗತಿಯವರಿಗೆ ಏನೇನು ಗೊತ್ತಿದೆ ನೋಡೋಣ ಎಂದು ಐದು ಪ್ರಶ್ನೆ ಕೊಟ್ಟು ಬರೆಸಿದೆ.

ಮೊದಲ ಮೂರಕ್ಕೆ ಉತ್ತರ ಪಟಪಟನೆ ಬಂದಿತ್ತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು, ವೈರಸ್ ಇರುವ ಉಣುಗು (ಉಣ್ಣೆ ಹುಳು) ಕಚ್ಚಿದರೆ ಬರುವುದು, ಕಾಡಿಗೆ ಹೋಗುವಾಗ ಉಣುಗು ಹತ್ತದಂತೆ ಡೇಪಾ ಎಣ್ಣೆ ಹಚ್ಚಿಕೊಳ್ಳಬೇಕು ಎನ್ನುವುದು. ಆರೋಗ್ಯ ಇಲಾಖೆಯವರು ಬಂದು ಹೇಳಿ ಹೋಗಿದ್ದನ್ನು ಮಕ್ಕಳು ಚೆನ್ನಾಗಿಯೇ ನೆನಪಿಟ್ಟಿದ್ದರು. ಕೊನೆಯ ಪ್ರಶ್ನೆ, 'ಹೋದ ಭಾನುವಾರ ಕಾಡಿಗೆ ಹೋಗಿದ್ದೆಯಾ, ಎಣ್ಣೆ ಹಚ್ಚಿದ್ದೆಯಾ?' ಅಲ್ಲಿ ಒಬ್ಬಳು ಬರೆದಿದ್ದಳು: 'ಕಾಡಿಗೆ ಹೋಗಿಲ್ಲ. ಅಮ್ಮನ ಜೊತೆ ದರಗು ತರಲು ಹೋಗಿದ್ದೆ.'

ನನಗೆ ತಲೆಗೆ ಹೊಡೆದ ಹಾಗಾಯಿತು. ಇಷ್ಟು ವರ್ಷ 'ಕಾಡಿಗೆ ಹೋಗುವಾಗ' ಎಂದು ಪಾಠ ಮಾಡಿದ್ದೇನೆ. ಅವರ ಲೆಕ್ಕದಲ್ಲಿ ಕಾಡು ಎಂದರೆ ಫಾರೆಸ್ಟ್ ಗೇಟಿನಾಚೆಗಿನದು. ಮನೆ ಹಿಂದಿನ ಸೊಪ್ಪಿನ ಬೆಟ್ಟ ಮನೆಯದೇ ಜಾಗ. ಕೊಟ್ಟಿಗೆಗೆ ಹಾಸಲು ದರಗು, ಅಂದರೆ ಒಣಗಿದ ಎಲೆ, ಗುಡಿಸಿ ತರುವುದು ಅಲ್ಲಿಂದಲೇ, ಉಣುಗಿನ ಮರಿಗಳು ಕೂತಿರುವುದೂ ಆ ಎಲೆಯಲ್ಲೇ. ಕಪ್ಪು ಹಲಗೆಯ ಮೇಲಿಂದ 'ಕಾಡು' ಅಳಿಸಿ ದರಗು, ಸೊಪ್ಪು, ಸೌದೆ, ದನ ಹುಡುಕುವುದು, ಚೆಂಡು ಹೆಕ್ಕಲು ಬ್ಯಾಣಕ್ಕೆ (ಹುಲ್ಲುಗಾವಲಿಗೆ) ಇಳಿಯುವುದು ಎಂದು ಬರೆದೆ. 'ಓ, ಅದಾ ಟೀಚರ್!' ಎಂದಿತು ಹಿಂದಿನ ಬೆಂಚು.

ನಾಲ್ಕನೇ ಪ್ರಶ್ನೆಯಲ್ಲಿ ಇನ್ನೊಂದು ಎಡವಟ್ಟು ಸಿಕ್ಕಿತು. ತಡೆಗೆ ಏನು ಮಾಡಬೇಕು ಎಂದರೆ ಅರ್ಧದಷ್ಟು ಮಕ್ಕಳು ಮಾಸ್ಕ್, ಸ್ಯಾನಿಟೈಸರ್ ಎಂದು ಬರೆದಿದ್ದರು. ಕೊರೊನಾ ಕಾಲದಲ್ಲಿ ಬೆಳೆದ ಮಕ್ಕಳು. ಇದನ್ನು ಆಗಲೇ ತಿದ್ದದೆ ನಗುತ್ತಾ ಬಿಟ್ಟದ್ದು ನನ್ನ ತಪ್ಪು. ವಾರದೊಳಗೆ ಒಬ್ಬ ಹುಡುಗನ ಅಪ್ಪನಿಗೆ ಜ್ವರ ಬಂತು. ಅವನ ಪಕ್ಕದವರು ಬ್ಯಾಗ್ ಎತ್ತಿಕೊಂಡು ಬೇರೆ ಬೆಂಚಿಗೆ ಹೋದರು. ಅವನು ಎರಡು ದಿನ ಒಬ್ಬನೇ ಕೂತ. ಮೂರನೇ ದಿನ ನನಗೆ ಕಂಡಿತು. ಈ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ ಎಂದು ವಿವರಿಸಿ, ಪಾಠ ಮುಗಿಯುವವರೆಗೆ ಅವನ ಪಕ್ಕವೇ ಕೂತೆ. ಅಪ್ಪನದು ಮಾಮೂಲಿ ಜ್ವರವಾಗಿತ್ತು. ಆದರೂ ಹುಡುಗ ಆ ವರ್ಷವಿಡೀ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ.

ಉಣುಗು ಎಂದಾಗ ಮಕ್ಕಳ ಕಣ್ಣಮುಂದೆ ಬರುತ್ತಿದ್ದದ್ದು ದನದ ಕಿವಿಯಲ್ಲಿ ರಕ್ತ ಕುಡಿದು ಊದಿಕೊಂಡಿರುವ ದಪ್ಪ ಉಣುಗು. ಅಂಥದ್ದು ಮೈಮೇಲಿದ್ದರೆ ಗೊತ್ತಾಗದೇ ಇರುತ್ತದೆಯೇ ಎಂಬುದು ಅವರ ಧೈರ್ಯ. ಆರೋಗ್ಯ ಇಲಾಖೆಯವರು ಬಿಳಿ ಬಟ್ಟೆಯನ್ನು ನೆಲದ ಮೇಲೆ ಎಳೆದು ಉಣುಗು ಹಿಡಿಯುತ್ತಾರೆ. ಅವರನ್ನು ಕೇಳಿ ಸ್ಪಿರಿಟ್ಟಿನಲ್ಲಿ ಹಾಕಿದ ನಾಲ್ಕು ಮರಿ ಉಣುಗು ತಂದೆ. ಎಳ್ಳಿನಷ್ಟೂ ಇಲ್ಲ. ಬಾಟಲಿ ಕೈಗೆ ಸಿಕ್ಕಾಗ ಒಬ್ಬ 'ಖಾಲಿ ಇದೆ ಟೀಚರ್' ಎಂದ. ಲೆನ್ಸ್ ಹಿಡಿದ ಮೇಲೆ ಎಂಟು ಕಾಲು ಎಣಿಸಿದ. ಆಮೇಲೆ ಮಾತೇ ಇಲ್ಲ, ಪ್ಯಾಂಟಿನ ಮಡಿಕೆ ಬಿಚ್ಚಿ ನೋಡಿಕೊಳ್ಳುತ್ತಿದ್ದ.

ಎಣ್ಣೆಯ ಕತೆ ಬೇರೆ. ಮನೆಗೆ ಕೊಟ್ಟ ಬಾಟಲಿ ಗೂಡಿನಲ್ಲಿ ಧೂಳು ಹಿಡಿದಿರುತ್ತಿತ್ತು. ವಾಸನೆ ಬರುತ್ತದೆ, ಅಂಟಂಟು ಎಂದು ಹುಡುಗಿಯರು. ಅಪ್ಪನೇ ಹಚ್ಚುವುದಿಲ್ಲ ಎಂದು ಹುಡುಗರು. ನಾನು ಗದರಲಿಲ್ಲ. ಬಾಟಲಿಯನ್ನು ಗೂಡಿನಿಂದ ತೆಗೆದು ಕತ್ತಿ ನೇತುಹಾಕುವ ಮೊಳೆಯ ಪಕ್ಕ ಇಡಿ ಎಂದೆ, ಅಷ್ಟೇ. ಕತ್ತಿ ತೆಗೆಯುವಾಗ ಕಣ್ಣಿಗೆ ಬೀಳುತ್ತದೆ. ಹಿಂತಿರುಗಿದ ಮೇಲೆ ಬಟ್ಟೆ ಒಳಮನೆಗೆ ತರದೆ ಬಚ್ಚಲಲ್ಲೇ ಬಿಸಿನೀರಿಗೆ ಹಾಕುವುದು, ಸೋಪು ಹಚ್ಚಿ ಮೀಯುವುದು ಬೇಗ ರೂಢಿಯಾಯಿತು. ಸಂಜೆ ಹಂಡೆ ಒಲೆ ಹೇಗೂ ಉರಿಯುತ್ತಿರುತ್ತದಲ್ಲ. ಎಣ್ಣೆ ಹಚ್ಚುವವರು ಹೆಚ್ಚಾದರು, ಎಲ್ಲರೂ ಅಲ್ಲ. ವಾಲಿಬಾಲ್ ಹುಡುಗರನ್ನು ಇವತ್ತಿಗೂ ಚಡ್ಡಿಯಿಂದ ಉದ್ದ ಪ್ಯಾಂಟಿಗೆ ತರಲಾಗಿಲ್ಲ. ಹಳೆಯ ಲಸಿಕೆ ನಿಂತಿದೆ, ಇದಕ್ಕೇ ಎಂದು ಔಷಧಿಯೂ ಇಲ್ಲ. ಹಾಗಾಗಿ ದಿಢೀರ್ ಜ್ವರ, ತಲೆನೋವು, ಮೈಕೈ ನೋವು ಬಂದರೆ ಅಂಗಡಿ ಮಾತ್ರೆ ನುಂಗಿ ಕೂರಬೇಡಿ, ಆಸ್ಪತ್ರೆಯಲ್ಲಿ 'ಬೆಟ್ಟಕ್ಕೆ ಹೋಗಿದ್ದೆ' ಎಂದು ಮೊದಲು ಹೇಳಿ ಎಂದು ಮಾತ್ರ ಬಾಯಿಪಾಠ ಮಾಡಿಸಿದ್ದೇನೆ.

ಫೆಬ್ರವರಿಯ ಒಂದು ಬೆಳಿಗ್ಗೆ ಫೋನ್ ಬಂತು. ಮಾತು ಬಿಟ್ಟಿದ್ದ ಅದೇ ಹುಡುಗ.

'ಟೀಚರ್, ಹಳ್ಳದ ಹತ್ರ ಮುಸ್ಯ ಸತ್ತಿದೆ. ಮುಟ್ಟಿಲ್ಲ. ನಾಯಿ ಕಟ್ಟಿದೀನಿ. ಆಶಾ ಅಕ್ಕಂಗೂ ಹೇಳಿದೀನಿ.'

ಮುಸ್ಯ ಎಂದರೆ ಕಪ್ಪು ಮುಖದ ಮಂಗ. ಈ ಕಾಯಿಲೆಯಿಂದ ಮಂಗ ಸತ್ತರೆ ಅದರ ಮೈಮೇಲಿನ ಉಣುಗು ಸುತ್ತಲೂ ಉದುರುತ್ತದೆ, ಅದಕ್ಕೇ ಐವತ್ತು ಅಡಿ ಸುತ್ತ ಮೆಲಾಥಿಯಾನ್ ಎಂಬ ಕೀಟನಾಶಕ ಪುಡಿ ಹಾಕುತ್ತಾರೆ ಎಂದು ಹೇಳಿಕೊಟ್ಟಿದ್ದೆ. ಭೇಷ್ ಎನ್ನುವಷ್ಟರಲ್ಲಿ ಅವನೇ ಕೇಳಿದ: 'ಐವತ್ತು ಅಡಿ ಅಂದ್ರೆ ನಮ್ ಕೊಟ್ಟಿಗೆನೂ ಸೇರುತ್ತೆ ಟೀಚರ್. ಹಸು ಎಲ್ಲಿ ಕಟ್ಟೋದು?'

ಪಾಠದಲ್ಲಿ ಅದಿರಲಿಲ್ಲ. ಅವನ ದೊಡ್ಡಪ್ಪನ ಮನೆಗೆ ಫೋನ್ ಮಾಡಿದೆ. ಅಡಿಕೆ ಒಣಗಿಸುವ ಅಂಗಳದ ಮೂಲೆಯಲ್ಲಿ ಜಾಗ ಮಾಡಿಕೊಟ್ಟರು.