ಆಗಮನ ಕಾಲದ ಮೊದಲ ವಾರದಲ್ಲೇ ಪಾಪನಿವೇದನೆ: ನನ್ನ ಅನುಭವ

ಪಾಪನಿವೇದನೆಯನ್ನು, ಎಂದರೆ ಗುರುಗಳ ಮುಂದೆ ತಪ್ಪುಗಳನ್ನು ಹೇಳಿಕೊಂಡು ಕ್ಷಮೆ ಪಡೆಯುವುದನ್ನು, ಕ್ರಿಸ್ಮಸ್ಸಿನ ಹಿಂದಿನ ವಾರಕ್ಕೆ ಬಿಡದೆ, ಹಬ್ಬಕ್ಕೆ ಮುಂಚಿನ ನಾಲ್ಕು ಭಾನುವಾರಗಳ ಸಿದ್ಧತೆಯ ಅವಧಿಯಾದ ಆಗಮನ ಕಾಲದ ಮೊದಲ ವಾರದಲ್ಲೇ ಮಾಡಬೇಕು, ಅಲ್ಲಿ ಹೇಳಿಕೊಂಡದ್ದನ್ನು ಸರಿಪಡಿಸಲು ಉಳಿದ ವಾರಗಳನ್ನು ಬಳಸಬೇಕು ಎಂದು ನಾನು ಹೇಳಿದಾಗ ನಮ್ಮ ಧರ್ಮಕೇಂದ್ರದ ಗೆಳೆಯರು ಒಪ್ಪಲಿಲ್ಲ. ಅಷ್ಟು ಬೇಗ ಮಾಡಿದರೆ ಹಬ್ಬದ ಹೊತ್ತಿಗೆ ಮನಸ್ಸು ಮತ್ತೆ ಹಳೆಯ ದಾರಿಗೇ ಬರುತ್ತದೆ ಎಂಬುದು ಅವರ ವಾದವಾಗಿತ್ತು. 2024ರಲ್ಲಿ ಮಾಡಿ ನೋಡಿದೆ, ಫಲಿಸಿತು, 2025ರಲ್ಲೂ ಫಲಿಸಿತು. ಅಂದು ತಲೆಯಾಡಿಸಿದವರಲ್ಲೇ ನಾಲ್ಕೈದು ಕುಟುಂಬಗಳು ಈಗ ಇದೇ ಕ್ರಮ ಹಿಡಿದಿವೆ ಎಂಬುದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಅದಕ್ಕೆ ಮುಂಚಿನ ವರ್ಷಗಳ ಪ್ರಯತ್ನಗಳು ನಿಲ್ಲಲಿಲ್ಲ. 2022ರಲ್ಲಿ ಕ್ರಿಸ್ಮಸ್ ಭಾನುವಾರ ಬಂದದ್ದರಿಂದ ಆಗಮನ ಕಾಲಕ್ಕೆ ಪೂರ್ತಿ 28 ದಿನಗಳು ಸಿಕ್ಕಿದ್ದವು. ಬೆಳಗಿನ ಜಾವ ಎದ್ದು ಬೈಬಲಿನ ಯೆಶಾಯನ ಗ್ರಂಥ, ರಾತ್ರಿ ಜಪಸರ, ಮಾಂಸ ವರ್ಜನೆ, ಟಿವಿ ವರ್ಜನೆ ಎಲ್ಲವನ್ನೂ ಒಟ್ಟಿಗೆ ಹೊತ್ತುಕೊಂಡೆ. ಡಿಸೆಂಬರ್ ಚಳಿಗೂ ಕೆಲಸದ ದಣಿವಿಗೂ ಎರಡನೆಯ ವಾರವೇ ಎಲ್ಲವೂ ಕಳಚಿಬಿತ್ತು. 2023ರಲ್ಲಿ ನಾಲ್ಕನೆಯ ಭಾನುವಾರವೇ ಹಬ್ಬದ ಹಿಂದಿನ ದಿನವಾಗಿ ಇಡೀ ಕಾಲ 22 ದಿನಕ್ಕೆ ಮುಗಿಯಿತು. ಕೊನೆಯ ವಾರದ ಪಾಪನಿವೇದನೆಯ ಸಾಲಿನಲ್ಲಿ ಗಂಟೆಗೂ ಮೀರಿ ನಿಂತು, ಪ್ರತಿವರ್ಷ ಹೇಳುವುದನ್ನೇ ಎರಡು ನಿಮಿಷದಲ್ಲಿ ಹೇಳಿ ಹೊರಬಂದೆ. ಆ ವರ್ಷ ಬಟ್ಟೆ, ನಕ್ಷತ್ರ, ಗೋದಲಿ, ಕೇಕು, ಬಿರಿಯಾನಿ ಎಂದು ಸುಮಾರು ಮೂವತ್ತು ಸಾವಿರ ಖರ್ಚಾಗಿ, ಸಾಲ ಫೆಬ್ರವರಿಯವರೆಗೂ ತೀರಲಿಲ್ಲ.

2024ರ ಮೂರನೆಯ ಭಾನುವಾರದ ಶುಭಸಂದೇಶ ಲೂಕನ ಮೂರನೆಯ ಅಧ್ಯಾಯದ್ದು. ಅದನ್ನು ಎರಡು ವಾರ ಮುಂಚೆಯೇ ಓದಿಕೊಂಡು ಪಾಪನಿವೇದನೆಗೆ ಹೋದೆ. ನಾವೇನು ಮಾಡಬೇಕೆಂದು ಕೇಳಿದ ಸುಂಕದವರಿಗೆ, ಯೇಸುವಿನ ಬರವನ್ನು ಸಾರಿದ ಪ್ರವಾದಿ ಸ್ನಾನಿಕ ಯೊವಾನ್ನರು ಕಸುಬು ಬಿಡಿ ಎನ್ನುವುದಿಲ್ಲ, ಗೊತ್ತಾದದ್ದಕ್ಕಿಂತ ಹೆಚ್ಚು ವಸೂಲಿ ಮಾಡಬೇಡಿ ಎನ್ನುತ್ತಾರೆ. ಮಹಡಿಯ ಮನೆಯನ್ನು ಬಾಡಿಗೆಗೆ ಕೊಟ್ಟಿರುವ ನನಗೆ ಅದು ನೇರವಾಗಿ ತಾಕಿತು. ಮನೆ ಬಿಡುವವರ ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆಯನ್ನು ಪೇಂಟಿಂಗ್‌ಗೆಂದು ಹಿಡಿದುಕೊಳ್ಳುವುದು ಬೆಂಗಳೂರಿನಲ್ಲಿ ರೂಢಿ. ನಾನು ಹದಿಮೂರು ಹದಿನಾಲ್ಕು ಸಾವಿರ ಹಿಡಿಯುತ್ತಿದ್ದೆ, ಬಣ್ಣ ಹೊಡೆಸಲು ಆಗುತ್ತಿದ್ದುದು ಏಳೆಂಟು ಸಾವಿರ. ರೂಢಿಯೆಂಬ ಕಾರಣಕ್ಕೆ ಆ ವ್ಯತ್ಯಾಸ ನನ್ನದಾಗುವುದಿಲ್ಲ.

ಹಳೆಯ ಬಾಡಿಗೆದಾರರನ್ನು ಹುಡುಕಲು ಒಂದು ವಾರ ಹಿಡಿಯಿತು. ಒಂದು ಕುಟುಂಬ ಕೆಂಗೇರಿಯಲ್ಲಿತ್ತು, ಇನ್ನೊಂದು ದಾವಣಗೆರೆಗೆ ಮರಳಿತ್ತು. ದಾವಣಗೆರೆಯವರು ಹಣ ವಾಪಸು ಎಂದ ಕೂಡಲೇ ಆನ್‌ಲೈನ್ ವಂಚನೆಯೆಂದು ಫೋನ್ ಇಟ್ಟುಬಿಟ್ಟರು. ನನ್ನ ಹೆಂಡತಿ ಮತ್ತೆ ಕರೆಮಾಡಿ, ಅವರ ಮಗುವಿಗೆ ಜ್ವರ ಬಂದಿದ್ದ ರಾತ್ರಿಯನ್ನು ನೆನಪಿಸಿದ ಮೇಲೆ ನಂಬಿದರು. ಒಟ್ಟು ಹನ್ನೆರಡು ಸಾವಿರದಷ್ಟು ಹೋಯಿತು. ಅದಕ್ಕೆಂದು ಹೊಸ ಬಟ್ಟೆಯನ್ನೂ ಬಿರಿಯಾನಿಯನ್ನೂ ಕೈಬಿಟ್ಟೆವು. ಮಕ್ಕಳಿಗೆ ಕಾರಣ ಹೇಳಿದಾಗ ಅವರು ನನಗಿಂತ ಬೇಗ ಒಪ್ಪಿದರು. ಆ ವರ್ಷದ ನಡುರಾತ್ರಿಯ ಬಲಿಪೂಜೆಯಲ್ಲಿ ಆಗಮನ ಕಾಲದ ಭಾನುವಾರಗಳಲ್ಲಿ ಹಾಡದೆ ಬಿಟ್ಟಿದ್ದ ಸ್ತುತಿಗೀತೆಯಾದ ಮಹಿಮಾಗೀತೆ ಮತ್ತೆ ಮೊಳಗಿದಾಗ ನನಗಾದ ಹಗುರವನ್ನು ಅದಕ್ಕೆ ಮುಂಚೆ ಎಂದೂ ಅನುಭವಿಸಿರಲಿಲ್ಲ.

ನಡುವೆ, ಭಾನುವಾರಕ್ಕೊಂದರಂತೆ ನಾಲ್ಕು ಮೇಣದಬತ್ತಿ ಹಚ್ಚುವ ಆಗಮನದ ಹಸಿರು ಚಕ್ರವನ್ನೂ ಮನೆಯಲ್ಲೇ ಮಾಡಿ ನೋಡಿದೆವು. ಸರ್ವೆ ಕೊಂಬೆಗಳು ವಾರದೊಳಗೆ ಒಣಗಿ ಉದುರಿದವು. ನೇರಳೆ ಬಣ್ಣದ ಮೂರು ಮೇಣದಬತ್ತಿಗಳು ಸಿಕ್ಕರೂ ಗುಲಾಬಿ ಬಣ್ಣದ್ದು ರಸೆಲ್ ಮಾರುಕಟ್ಟೆಯ ಸುತ್ತ ಎಲ್ಲೂ ಸಿಗಲಿಲ್ಲ. ಹಿತ್ತಾಳೆ ತಟ್ಟೆಯಲ್ಲಿ ನಾಲ್ಕು ಹಣತೆ ಇಟ್ಟು ಹೊಂಗೆ ಎಣ್ಣೆ ಹಾಕಿದೆವು. ಸ್ವಲ್ಪ ಹೊಗೆಯಾದರೂ ಸಂಜೆಯ ಪ್ರಾರ್ಥನೆಗೆ ಮಕ್ಕಳು ತಾವಾಗಿಯೇ ಬಂದು ಕೂರತೊಡಗಿದರು. ಡಿಸೆಂಬರ್ 17ರವರೆಗೆ ನಕ್ಷತ್ರ ಕಟ್ಟದಿರುವುದೂ ಚೆನ್ನಾಗಿ ನಡೆದಿದೆ.

ಪಾಪನಿವೇದನೆಯ ಹಿಂದಿನ ರಾತ್ರಿ ಆತ್ಮಪರಿಶೋಧನೆಗೆ ನಾನು ಬಳಸುವ ಪ್ರಶ್ನೆಗಳನ್ನು ಇಲ್ಲಿ ಬರೆಯುವುದಿಲ್ಲ; ಎದುರು ಕೂತು ಕೇಳುವವರಿಗೆ ಮಾತ್ರ ಹೇಳುತ್ತೇನೆ. ಉಳಿದದ್ದೆಲ್ಲವನ್ನೂ ಹೇಳಿದ್ದೇನೆ. ಹೊಸ ಬಾಡಿಗೆ ಕರಾರಿನಲ್ಲಿ ಪೇಂಟಿಂಗ್‌ಗೆ ಬಿಲ್ಲಿನಷ್ಟೇ ಹಣ ಎಂದು ಬರೆಸಿದ್ದೇನೆ. 2026ರಲ್ಲಿ ಆಗಮನ ಕಾಲ ನವೆಂಬರ್ 29ಕ್ಕೆ ಆರಂಭವಾಗುತ್ತದೆ; ಆ ವಾರ ನನ್ನ ತಮ್ಮನೊಂದಿಗೆ ಹಲವು ವರ್ಷಗಳಿಂದ ನಿಂತುಹೋಗಿರುವ ಸೈಟಿನ ಲೆಕ್ಕವನ್ನು ಎತ್ತಿಕೊಳ್ಳಲಿದ್ದೇನೆ.