ಕರಿಕೋಟು ಬೇಡ, ಕಾನೂನು ಬೇಕು ಅನ್ನುವವರಿಗೆ

ಆಸ್ಪತ್ರೆಯ ಡಾಕ್ಟರ್, ಕಂಪನಿಯ ಎಚ್‌ಆರ್, ಸಾಫ್ಟ್‌ವೇರ್ ಮ್ಯಾನೇಜರ್, ಬ್ಯಾಂಕ್ ಅಧಿಕಾರಿ. ಇವರ ಟೇಬಲ್ ಮೇಲೆ ದಿನಾ ಒಂದಲ್ಲ ಒಂದು ಅಗ್ರಿಮೆಂಟೋ, ನೋಟಿಸೋ, ಒಪ್ಪಿಗೆ ಪತ್ರವೋ ಬಂದು ಬೀಳುತ್ತದೆ. 'ಲೀಗಲ್‌ನವರು ನೋಡ್ಕೋತಾರೆ' ಅಂತ ತಳ್ಳಿ ತಳ್ಳಿ ಸಾಕಾದವರು ಒಂದು ದಿನ ಕೇಳುತ್ತಾರೆ: ನಾನೇ ಕಾನೂನು ಓದಿದರೆ ಹೇಗೆ? ಓದಬಹುದು. ಆದರೆ ಫೀಸ್ ಕಟ್ಟುವ ಮೊದಲು ಸ್ವಲ್ಪ ತಾಳಿ.

ಮೊದಲು ಇದನ್ನು ಇತ್ಯರ್ಥ ಮಾಡಿಕೊಳ್ಳಿ

ನೀವು ಕೋರ್ಟಿನಲ್ಲಿ ನಿಂತು ವಾದ ಮಾಡಬೇಕಾ, ಅಥವಾ ನಿಮ್ಮ ಕೆಲಸಕ್ಕೆ ಬೇಕಾದಷ್ಟು ಕಾನೂನು ಅರ್ಥವಾದರೆ ಸಾಕಾ? ವಾದ ಮಾಡಬೇಕು ಅಂದರೆ ಅಡ್ಡದಾರಿ ಇಲ್ಲ. 1961ರ ವಕೀಲರ ಕಾಯ್ದೆ ಪ್ರಕಾರ ವಕೀಲಿಕೆ ಮಾಡುವ ಹಕ್ಕು ಸನ್ನದು, ಅಂದರೆ ವಕೀಲಿಕೆಯ ಪರವಾನಗಿ, ಪಡೆದವರಿಗೆ ಮಾತ್ರ. ಅದಕ್ಕೆ ಎಲ್‌ಎಲ್‌ಬಿ ಬೇಕು. ಪದವಿ ಆದವರಿಗೆ ಅದು ಮೂರು ವರ್ಷ. ಸಾಮಾನ್ಯ ವರ್ಗಕ್ಕೆ ಪದವಿಯಲ್ಲಿ ಶೇ 45 ಅಂಕ ಇರಬೇಕು, ಹಿಂದುಳಿದ ವರ್ಗದವರಿಗೆ ಶೇ 42, ಪರಿಶಿಷ್ಟರಿಗೆ ಶೇ 40. ವಕೀಲರ ನಿಯಂತ್ರಣ ಮಂಡಳಿಯಾದ ಬಾರ್ ಕೌನ್ಸಿಲ್ ನಿಯಮದಲ್ಲಿ ಪ್ರತಿ ವಿಷಯಕ್ಕೂ ಶೇ 70ರಷ್ಟು ಹಾಜರಾತಿ ಕೇಳುತ್ತಾರೆ. ದೂರಶಿಕ್ಷಣದ ಎಲ್‌ಎಲ್‌ಬಿಗೆ ಸನ್ನದು ಸಿಗುವುದಿಲ್ಲ. 'ಬರದಿದ್ದರೂ ಪರವಾಗಿಲ್ಲ ಸಾರ್, ಹಾಜರಾತಿ ನಾವು ನೋಡ್ಕೋತೀವಿ' ಅನ್ನುವ ಕಾಲೇಜು ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ. ಇನ್ನೊಂದು ವಿಷಯ ತುಂಬ ಜನಕ್ಕೆ ಕೊನೆಗೆ ಗೊತ್ತಾಗುತ್ತದೆ: ಸಂಬಳದ ಪೂರ್ಣಾವಧಿ ನೌಕರಿಯಲ್ಲಿ ಇದ್ದುಕೊಂಡು ವಕೀಲಿಕೆ ಮಾಡುವಂತಿಲ್ಲ.

ಇಷ್ಟಾದರೂ ಎಲ್‌ಎಲ್‌ಬಿಯೇ ಬೇಕು ಅಂದರೆ ಖುಷಿಯಿಂದ ಮಾಡಿ. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ಉತ್ತರವನ್ನು ಪೂರ್ತಿ ಕನ್ನಡದಲ್ಲೇ ಬರೆಯಬಹುದು. ಇಂಗ್ಲಿಷಿಗೆ ಹೆದರಿ ಹಿಂದೆ ಸರಿಯಬೇಡಿ.

ಕೆಲಸ ಬಿಡದೆ ಓದುವವರಿಗೆ

ಜಾಸ್ತಿ ಜನಕ್ಕೆ ಬೇಕಾಗಿರುವುದು ಇದು. ಬೆಂಗಳೂರಿನ ನಾಗರಭಾವಿಯಲ್ಲಿರುವ ನ್ಯಾಷನಲ್ ಲಾ ಸ್ಕೂಲ್ ಯಾವುದೇ ಪದವಿ ಆದವರಿಗೆ ಎರಡು ವರ್ಷದ ಮಾಸ್ಟರ್ ಆಫ್ ಬಿಸಿನೆಸ್ ಲಾಸ್ ಕೋರ್ಸ್ ನಡೆಸುತ್ತಾ ಬಂದಿದೆ. ಎಂಬಿಎಲ್ ಅನ್ನುವುದು ಇದನ್ನೇ. ಅದರ ಜೊತೆಗೆ ಒಂದು ವರ್ಷದ ಪಿಜಿ ಡಿಪ್ಲೊಮಾಗಳಿವೆ: ವೈದ್ಯಕೀಯ ಕಾನೂನು, ಬೌದ್ಧಿಕ ಆಸ್ತಿ, ಪರಿಸರ, ಮಾನವ ಹಕ್ಕು, ಸೈಬರ್ ಕಾನೂನು ಹೀಗೆ. ಹೈದರಾಬಾದಿನ ಕಾನೂನು ವಿಶ್ವವಿದ್ಯಾಲಯ ನಲ್ಸಾರ್‌ನಲ್ಲೂ ಇಂಥವು ಇವೆ. ಅಮೆರಿಕದಲ್ಲಿ ಇರುವವರಿಗೆ ಅಲ್ಲೇ ದಾರಿ ಇದೆ. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯ ಎಂಜಿನಿಯರ್, ವಿಜ್ಞಾನಿಗಳಿಗೆಂದೇ ಕಾನೂನು ಕಲಿಸುವ ಎಂಎಸ್‌ಎಲ್ ಪದವಿ ಕೊಡುತ್ತದೆ. ಅದೂ ವಕೀಲರಾಗುವ ಪದವಿ ಅಲ್ಲ.

ಎಂಬಿಎಲ್ಲಾ, ಡಿಪ್ಲೊಮಾನಾ? ನನ್ನನ್ನು ಕೇಳಿದರೆ ಮೊದಲು ನಿಮ್ಮ ಕೆಲಸಕ್ಕೆ ನೇರವಾಗಿ ತಾಗುವ ಒಂದು ಡಿಪ್ಲೊಮಾ ಮಾಡಿ. ಒಂದು ವರ್ಷ ನೌಕರಿ, ಮನೆ, ಅಸೈನ್‌ಮೆಂಟ್ ಮೂರನ್ನೂ ತೂಗಿಸಲು ಆಗುತ್ತದಾ ಅಂತ ಅಷ್ಟರಲ್ಲೇ ಗೊತ್ತಾಗುತ್ತದೆ.

ಫೀಸ್ ಕಟ್ಟುವ ಮೊದಲು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ವೆಬ್‌ಸೈಟಿನ ದೂರಶಿಕ್ಷಣ ಪಟ್ಟಿಯಲ್ಲಿ ಆ ಸಂಸ್ಥೆ, ಆ ಕೋರ್ಸ್, ಈ ವರ್ಷ, ಮೂರೂ ಇದೆಯಾ ನೋಡಿ. ಪರೀಕ್ಷೆ ಎಲ್ಲಿ ನಡೆಯುತ್ತದೆ, ಖುದ್ದಾಗಿ ಹೋಗಬೇಕಾದ ಸಂಪರ್ಕ ತರಗತಿಗೆ ಎಷ್ಟು ದಿನ ರಜೆ ಹಾಕಬೇಕು ಅಂತ ಕೇಳಿ. ಎಲ್‌ಎಲ್‌ಬಿ ಇಲ್ಲದವರಿಗೂ ಕಾನೂನಿನ ಸ್ನಾತಕೋತ್ತರ ಪದವಿಯಾದ ಎಲ್‌ಎಲ್‌ಎಂ ಕೊಡುತ್ತೇವೆ, ಅದೂ ಆನ್‌ಲೈನಿನಲ್ಲೇ, ಅನ್ನುವ ಜಾಹೀರಾತು ಕಂಡರೆ ದೂರ ಇರಿ. ಎಲ್‌ಎಲ್‌ಎಂ ಇರುವುದು ಎಲ್‌ಎಲ್‌ಬಿ ಆದವರಿಗೆ.

ಸೇರುವ ಮೊದಲೇ ಓದಿ ನೋಡಿ

ಇದಕ್ಕೆ ಖರ್ಚೇ ಇಲ್ಲ. ಕೇಂದ್ರ ಸರ್ಕಾರದ ಇಂಡಿಯಾ ಕೋಡ್ ವೆಬ್‌ಸೈಟಿನಲ್ಲಿ ಕೇಂದ್ರದ ಕಾಯ್ದೆಗಳೆಲ್ಲ ಪುಕ್ಕಟೆ ಸಿಗುತ್ತವೆ. 1872ರ ಕರಾರು ಕಾಯ್ದೆ ತೆಗೆದು 27ನೇ ಕಲಂ ಓದಿ. ಆಮೇಲೆ ನಿಮ್ಮ ಆಫರ್ ಲೆಟರ್ ಪಕ್ಕದಲ್ಲಿಟ್ಟುಕೊಳ್ಳಿ. 'ಕೆಲಸ ಬಿಟ್ಟ ಮೇಲೆ ಒಂದು ವರ್ಷ ಪ್ರತಿಸ್ಪರ್ಧಿ ಕಂಪನಿ ಸೇರುವಂತಿಲ್ಲ' ಅಂತ ಅದರಲ್ಲಿ ಇರಬಹುದು. ಒಬ್ಬರ ಉದ್ಯೋಗಕ್ಕೆ ತಡೆ ಹಾಕುವ ಕರಾರು ಆ ಮಟ್ಟಿಗೆ ಅನೂರ್ಜಿತ, ಅಂದರೆ ಕಾನೂನಿನ ಕಣ್ಣಲ್ಲಿ ಬೆಲೆ ಇಲ್ಲದ್ದು, ಅನ್ನುತ್ತದೆ 27ನೇ ಕಲಂ. ಹಾಗಂತ ಕೆಲಸದಲ್ಲಿ ಇರುವಾಗಲೇ ಎದುರಾಳಿ ಕಂಪನಿಗೆ ದುಡಿಯಬಹುದು ಅಂತಲ್ಲ, ಕಂಪನಿಯ ಗುಟ್ಟು ಹೊತ್ತೊಯ್ಯಬಹುದು ಅಂತಲೂ ಅಲ್ಲ. ಎರಡರ ನಡುವಿನ ಗೆರೆ ಎಲ್ಲಿದೆ ಅಂತ ಹುಡುಕಲು ಮನಸ್ಸು ಎಳೆದರೆ ಈ ಓದು ನಿಮಗೆ ಹಿಡಿಸುತ್ತದೆ. ಆಕಳಿಕೆ ಬಂದರೆ ದುಡ್ಡು ಉಳಿಯಿತು.

ಡಾಕ್ಟರ್‌ಗಳಿಗೆ ಇನ್ನೊಂದು ಪರೀಕ್ಷೆ. 2008ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ರೋಗಿಯ ಒಪ್ಪಿಗೆ ಬಗ್ಗೆ ಒಂದು ತೀರ್ಪು ಕೊಟ್ಟಿತು (ಸಮೀರಾ ಕೊಹ್ಲಿ ವಿರುದ್ಧ ಡಾ. ಪ್ರಭಾ ಮನಚಂದಾ). ರೋಗಿ ಒಪ್ಪಿದ್ದು ಲ್ಯಾಪರೊಸ್ಕೊಪಿ ತಪಾಸಣೆಗೆ (ಸಣ್ಣ ರಂಧ್ರದಿಂದ ಕ್ಯಾಮೆರಾ ಇಳಿಸಿ ಹೊಟ್ಟೆಯೊಳಗೆ ನೋಡುವುದು). ಅರಿವಳಿಕೆಯಲ್ಲಿ ಇರುವಾಗ ತಾಯಿಯನ್ನು ಕೇಳಿ ಗರ್ಭಕೋಶವನ್ನೇ ತೆಗೆದುಬಿಟ್ಟರು. ತಪಾಸಣೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಆಗುವುದಿಲ್ಲ, ವಯಸ್ಕ ರೋಗಿಯ ಪರವಾಗಿ ತಾಯಿ ಒಪ್ಪಿದರೂ ನಡೆಯುವುದಿಲ್ಲ ಎಂದಿತು ಕೋರ್ಟ್. ಪೂರ್ತಿ ತೀರ್ಪು ಓದಿ. ಏನು ನಡೆಯಿತು, ಪ್ರಶ್ನೆ ಏನು, ಕೋರ್ಟ್ ಏನಂದಿತು, ಯಾಕೆ, ಈ ನಾಲ್ಕನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಕೋರ್ಸಿನಲ್ಲೂ ಕೊನೆಗೆ ಮಾಡಿಸುವುದು ಹೆಚ್ಚುಕಡಿಮೆ ಇದನ್ನೇ.

ಓದಿದ್ದು ಎಲ್ಲಿಗೆ ಬರುತ್ತದೆ?

ವಿಜ್ಞಾನ, ಎಂಜಿನಿಯರಿಂಗ್ ಓದಿದವರು ಬೇರೆಯವರ ಪರವಾಗಿ ಪೇಟೆಂಟ್ ಅರ್ಜಿ ನೋಡಿಕೊಳ್ಳುವ ಪೇಟೆಂಟ್ ಏಜೆಂಟ್ ಆಗಬಹುದು. ಎಲ್‌ಎಲ್‌ಬಿ ಬೇಕಿಲ್ಲ, ಪೇಟೆಂಟ್ ಕಚೇರಿ ನಡೆಸುವ ಪರೀಕ್ಷೆ ಪಾಸಾಗಬೇಕು ಅಷ್ಟೇ. ಬೌದ್ಧಿಕ ಆಸ್ತಿಯ ಡಿಪ್ಲೊಮಾ ಇದ್ದರೆ ತಯಾರಿ ಅರ್ಧ ಹಗುರ. ಎಚ್‌ಆರ್‌ನವರಿಗೆ ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ ಪೋಷ್ ಕಾಯ್ದೆ ಇದ್ದೇ ಇದೆ, ಅಲ್ವಾ? 10 ಅಥವಾ ಹೆಚ್ಚು ಜನ ದುಡಿಯುವ ಕಡೆ ದೂರು ಕೇಳುವ ಆಂತರಿಕ ಸಮಿತಿ ಕಡ್ಡಾಯ, ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಸಮಿತಿಗೆ ನೌಕರರನ್ನು ಆರಿಸುವಾಗ ಕಾನೂನು ಗೊತ್ತಿರುವುದನ್ನು ಒಂದು ಅರ್ಹತೆ ಅಂತ ಕಾಯ್ದೆಯೇ ಹೇಳುತ್ತದೆ.

ಡಿಪ್ಲೊಮಾ ಬಂದ ಮೇಲೆ ಆಫೀಸಿನ ಅರ್ಧ ಜನ ತಮ್ಮ ಸೈಟಿನ ಜಗಳ, ಡೈವೋರ್ಸ್ ಎಲ್ಲ ನಿಮ್ಮ ಮುಂದೆ ತಂದಿಡುತ್ತಾರೆ. ಕೇಳಿಸಿಕೊಳ್ಳಿ, ಆದರೆ ಸಲಹೆಗೆ ವಕೀಲರ ಹತ್ತಿರ ಕಳಿಸಿ. ಕಂಪನಿಗೇ ನೋಟಿಸ್ ಬಂದರೆ ನೀವು ಉತ್ತರ ಗೀಚಲು ಕೂರಬೇಡಿ. ಯಾವ ತಾರೀಖು ಏನಾಯಿತು ಅಂತ ಒಂದು ಪಟ್ಟಿ ಮಾಡಿ, ಕಾಗದಗಳನ್ನು ಅದೇ ಕ್ರಮದಲ್ಲಿ ಜೋಡಿಸಿ, ಉತ್ತರ ಕೊಡಬೇಕಾದ ಕೊನೆಯ ದಿನವನ್ನು ಮೇಲೆ ಕೆಂಪಿನಲ್ಲಿ ಬರೆದು ವಕೀಲರ ಕೈಗೆ ಕೊಡಿ.